ಹೊಳೆ ದಂಡೆಯ ಖಾಲಿ ಜಾಗ

ಯಗಚಿ ಹೊಳೆಯ ದಂಡೆಗುಂಟ ಒಂದು ನಡೆಹಾದಿ ಮಾಡಬೇಕು ಎಂಬ ಯೋಜನೆ ಬಂದದ್ದು ಮೊಬೈಲು ಇನ್ನೂ ಸಾಹೇಬರುಗಳ ಸೊಂಟದಲ್ಲಿ ಮಾತ್ರ ಇದ್ದ ಕಾಲದಲ್ಲಿ. ಬೇಲೂರಿನಿಂದ ಹೊಳೆಯ ಜೊತೆಯಲ್ಲೇ ಕೆಳಕ್ಕೆ ಇಳಿದು, ಅಲ್ಲಿಂದ ಕವಲೊಡೆದು ಹಳೇಬೀಡಿನ ಕೆರೆ ಏರಿಗೆ, ಮುಂದೆ ಹುಲಿಕೆರೆಯ ಕೊಳದವರೆಗೆ ಹಾದಿಯೋ ಹಾದಿ. ಗುಡಿ ನೋಡಿದ್ದೇ ಬಸ್ಸು ಹತ್ತಿ ಓಡುವ ಪ್ರವಾಸಿಗರು ನಾಲ್ಕು ಹೆಜ್ಜೆ ಹೊಳೆಯ ಪಕ್ಕ ನಡೆಯಲಿ, ಹಳ್ಳಿಯ ಜನಕ್ಕೂ ಒಳ್ಳೆಯ ಗಾಳಿ ಸಿಗಲಿ ಎಂಬುದು ಉದ್ದೇಶ. ಹಳ್ಳಿಯಲ್ಲಿ ಗಾಳಿಗೆ ಯಾವಾಗ ಬರ ಬಂದಿತ್ತೋ ಯಾರೂ ಕೇಳಲಿಲ್ಲ. ಹಣ ಕೊಡುವವರು ಮಾತ್ರ ಒಂದು ಷರತ್ತು ಹಾಕಿದ್ದರು. ಹಾದಿ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬುದನ್ನು ಊರಿನವರನ್ನೇ ಕೂರಿಸಿಕೊಂಡು ಕೇಳಬೇಕು.

ಹಾಗೆ ಕೇಳುವ ಕೆಲಸಕ್ಕೆ ಸೇರಿಕೊಂಡವಳು ಲತಾಮಣಿ. ಗಂಡ ರವಿಕುಮಾರ್ ಅರಸೀಕೆರೆಯಲ್ಲಿ ಬ್ಯಾಂಕಿನ ನೌಕರ, ಮಗ ಸಮ್ಯಕ್ ಇಂಗ್ಲಿಷ್ ಶಾಲೆಯಲ್ಲಿ. ಮನೆಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು. ಲತಾಮಣಿ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು, ಮಾತಿನಲ್ಲಿ ಚುರುಕು. ಇವಳಿಗೆ ಹೊಳೆ ದಂಡೆಯ ಹೊಂಗೆಹಳ್ಳಿಯನ್ನು ವಹಿಸಿದ್ದಕ್ಕೆ ಕಾರಣವೂ ಇತ್ತು. ಅದು ಅವಳ ಹುಟ್ಟೂರು. ತಾಯಿ ಇಲ್ಲದ ಅವಳನ್ನು ದೊಡ್ಡವ್ವ ಮಾರಮ್ಮ ಅಲ್ಲಿನ ಕಾಲೊನಿಯಲ್ಲೇ ಸಾಕಿದ್ದಳು.

ಊರನ್ನು ಕೇಳುವುದಕ್ಕೆ ಅವರದೊಂದು ಕ್ರಮವಿತ್ತು. ಶಾಲೆಯ ಅಂಗಳ ಗುಡಿಸಿ, ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ನಿಮ್ಮೂರನ್ನು ನೀವೇ ಬರೆಯಿರಿ ಎನ್ನುವುದು. ಪೆನ್ನು ಕೊಟ್ಟರೆ ಹಿಂಜರಿಯುವ ಕೈಗಳು ರಂಗೋಲಿ ಪುಡಿ ಸಿಕ್ಕರೆ ಬಿಡುತ್ತವೆಯೇ? ನೋಡನೋಡುತ್ತಿದ್ದಂತೆ ಬೀದಿಗಳು ಮೂಡಿದವು. ಮನೆಗಳಿಗೆ ಹುಣಸೆಬೀಜ ಇಟ್ಟರು, ಮರಗಳಿಗೆ ಬೇವಿನೆಲೆ, ಹೊಳೆಗೆ ನೀಲಿ ಪುಡಿ. ಮೇಲಿನ ಬೀದಿಯ ಮಹದೇವಮ್ಮ ಹೊಳೆಯ ದಂಡೆ ಎಳೆಯುತ್ತಾ ಬಂದವಳು ಕೇದಗೆ ಮೆಳೆಯ ಹತ್ತಿರ ಗಕ್ಕನೆ ನಿಂತಳು. ಒಬ್ಬಳು ಇನ್ನೊಬ್ಬಳ ಪಕ್ಕೆಗೆ ತಿವಿದಳು. ಸೆರಗು ಬಾಯಿಗೆ ಹೋಯಿತು, ಕಿಸಿಕಿಸಿ ನಗು. ಅಲ್ಲಿಷ್ಟು ಜಾಗ ಖಾಲಿ ಬಿಟ್ಟು ಮುಂದಕ್ಕೆ ಎಳೆದರು.

ಯೋಜನೆಯ ಸಾಹೇಬರು ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ, ಬಿಸಿಲಲ್ಲಿ ಟೋಪಿಯಿಲ್ಲದೆ ನಿಲ್ಲುತ್ತಿದ್ದರು.

"ಇಲ್ಲೇನಿದೆ? ಖಾಲಿ ಬಿಟ್ರಲ್ಲಮ್ಮ."

ಹೆಂಗಸರು ಪುಡಿಯ ಬಟ್ಟಲಿಗೆ ಬಗ್ಗಿದರು. ಶಾಲೆಯ ಜಗಲಿ ಮೇಲೆ ಕುರ್ಚಿಯಲ್ಲಿ ಕೂತಿದ್ದ ಏಕಾಂತಯ್ಯ ಗಂಟಲು ಸರಿಮಾಡಿಕೊಂಡರು. ಊರಿಗೆ ಹಿರಿಯರು, ಮೆಳೆಗೆ ಅಂಟಿಕೊಂಡೇ ಅವರ ತೆಂಗಿನ ತೋಟ. "ಏನೂ ಇಲ್ಲ ಸಾರ್, ಮುಳ್ಳು ಮೆಳೆ. ಹಾವು ಪಾವು ಇರ್ತವೆ."

ಏನೂ ಇಲ್ಲದೆ ಏನು? ಇಡೀ ಹೊಂಗೆಹಳ್ಳಿಯಲ್ಲಿ ಕಕ್ಕಸು ಇದ್ದದ್ದು ಏಕಾಂತಯ್ಯನವರ ಮನೆಯಲ್ಲಿ ಮಾತ್ರ. ಮಿಕ್ಕ ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಮತ್ತು ದೀಪ ಹಚ್ಚಿದ ಮೇಲೆ ಚೊಂಬು ಹಿಡಿದು ಹೋಗುತ್ತಿದ್ದದ್ದು ಆ ಮೆಳೆಗೇ. ಮೆಳೆಯ ಮೇಲ್ಗಡೆ ಊರಿನವರು, ಕೆಳಗಡೆ ಕಾಲೊನಿಯವರು. ಜಾತಿ ಅಲ್ಲಿಗೂ ಚೊಂಬು ಹಿಡಿದುಕೊಂಡು ಬಂದಿತ್ತು. ಆದರೆ ಗಂಡಸರು ಆ ದಿಕ್ಕಿಗೆ ತಲೆ ಹಾಕುತ್ತಿರಲಿಲ್ಲ. ತಪ್ಪಿಸಿಕೊಂಡ ದನ ಹುಡುಕಿಕೊಂಡು ಹೋಗಲೇಬೇಕಾಗಿ ಬಂದರೆ ದೂರದಿಂದಲೇ ಕೆಮ್ಮುತ್ತಾ ಹೋಗುವುದು ಊರಿನ ಪದ್ಧತಿ. ಎಲ್ಲರಿಗೂ ಗೊತ್ತಿದ್ದ ಜಾಗ, ಯಾರೂ ಹೆಸರೆತ್ತದ ಜಾಗ.

ಲತಾಮಣಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದೊಡ್ಡವ್ವನ ಸೆರಗು ಹಿಡಿದು ನಿದ್ದೆಗಣ್ಣಲ್ಲಿ ಅಲ್ಲಿಗೆ ಹೋದವಳು, ದೊಡ್ಡವಳಾದ ಮೇಲೆ ಗೆಳತಿಯರ ಜೊತೆ ಹೋಗಿ ಅಲ್ಲೇ ಊರಿನ ಸುದ್ದಿಯನ್ನೆಲ್ಲ ಮಾತಾಡಿಕೊಂಡು ಬಂದವಳು. ಮದುವೆಯಾದ ಮೇಲೆ ಅವಳು ಊರಿಗೆ ಬಂದರೆ ರಾತ್ರಿ ಉಳಿಯುತ್ತಿರಲಿಲ್ಲ. ಮಗನಿಗೆ ಸ್ಕೂಲಿದೆ ಎಂದು ಹೇಳಿ ಸಂಜೆಯ ಬಸ್ಸಿಗೇ ಹೊರಡುತ್ತಿದ್ದಳು. ನಿಜವಾದ ಕಾರಣ ಆ ಮೆಳೆ, ಆ ಚೊಂಬು.

ಸಾಹೇಬರು ಅವಳ ಕಡೆ ತಿರುಗಿದರು. "ಬರ್ಕೊಳಿ ಲತಾಮಣಿ." ಪಕ್ಕದಲ್ಲಿ ಎಂಜಿನಿಯರ್ ಹೇಮಲತಾ ನಿಂತಿದ್ದಳು, ದಿನಾ ಇವಳ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುವವಳು. ಲತಾಮಣಿ ಅಂಗಳದ ರಂಗೋಲಿಯನ್ನು ಹಾಳೆಗೆ ಇಳಿಸಿಕೊಂಡು ಆ ಜಾಗದಲ್ಲಿ ಬರೆದಳು: ಪೊದೆ, ಬಳಕೆಯಲ್ಲಿಲ್ಲ. ಎದುರಿಗೆ ಕಾಲು ಚಾಚಿ ಕೂತಿದ್ದ ಮಾರಮ್ಮ ಅವಳ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಹಾಸನದ ಕಚೇರಿಯಿಂದ ನಕ್ಷೆ ಬಣ್ಣ ಬಳಿದುಕೊಂಡು ಬಂತು. ಬಳಕೆಯಲ್ಲಿಲ್ಲದ ಜಾಗ ಅಂದಮೇಲೆ ಹಾದಿಗೆ ಅದಕ್ಕಿಂತ ಒಳ್ಳೆಯದು ಎಲ್ಲಿದೆ? ಮೆಳೆ ಸವರಿ, ಚಪ್ಪಡಿ ಹಾಸಿ, ಹೊಳೆಗೆ ಮುಖಮಾಡಿ ಕಲ್ಲುಬೆಂಚು, ನಡುನಡುವೆ ದೀಪದ ಕಂಬ. ಅಳತೆಯವರು ಬಂದು ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ನೆಟ್ಟು ಹೋದರು.

ಆಮೇಲೊಂದು ದಿನ ಲತಾಮಣಿ ಹಳ್ಳಿಗೆ ಹೋದಾಗ ಮಾರಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂರು ಎನ್ನುವುದಕ್ಕೂ ಮುಂಚೆ ಕೇಳಿದಳು.

"ಬೆಂಚ್ ಹಾಕ್ತರಂತಲ್ಲವ್ವ ಮೆಳೇಲಿ. ಯಾರ್ ಕೂತ್ಕಳಕೆ? ಏನ್ ನೋಡಕೆ?"

ಲತಾಮಣಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ನೋಡಿದರೆ ದೊಡ್ಡವ್ವ ನಕ್ಕಿರಲಿಲ್ಲ.

"ನಗಬ್ಯಾಡ ಕಣವ್ವ. ನನ್ ಮಂಡಿ ನೋಡು, ಹೊಳೆ ದಾಟಿ ಆ ಕಡೆ ದಂಡೇಗ್ ಹೋಗಕಾಯ್ತದಾ? ಈ ಕಡೆ ಏಕಾಂತಯ್ಯನೋರ ತೋಟದ್ ಬೇಲಿ. ಇನ್ನೊಂದ್ ಕಡೆ ಟಾರ್ ರೋಡು, ಲಾರಿ ಲೈಟ್ ಬಿದ್ದಾಗೆಲ್ಲ ಎದ್ದೆದ್ದು ನಿಂತ್ಕಬೇಕು. ಊರ್ನ ಹೆಣ್ಮಕ್ಳು ಎಲ್ಲಿಗ್ ಹೋಗ್ಬೇಕು, ನೀನೇ ಹೇಳು."

"ಅವತ್ತು ಸಭೇಲಿ ಯಾಕ್ ಹೇಳ್ಲಿಲ್ಲ ದೊಡ್ಡವ್ವ? ಸಾಹೇಬ್ರು ಕೇಳಿದ್ರಲ್ಲ."

"ಅಷ್ಟ್ ಜನ ಗಂಡಸ್ರ ಮುಂದೆ ಅದನ್ನ ಹೇಳಕಾಯ್ತದಾ? ನೀನಿದ್ದಲ್ಲ. ನೀನ್ ಬರ್ಕತಿಯ ಅಂದ್ಕಂಡೊ."

ಲತಾಮಣಿ ಅವರೆಕಾಯಿಯ ಬುಟ್ಟಿಗೆ ಕೈಹಾಕಿ ತಾನೂ ಸುಲಿಯತೊಡಗಿದಳು. ದೊಡ್ಡವ್ವನ ಮುಖ ನೋಡುವ ಧೈರ್ಯ ಇರಲಿಲ್ಲ. ನಾನು ಬರೆದಿಲ್ಲ ಎಂದು ಹೇಳುವ ಧೈರ್ಯವಂತೂ ಮೊದಲೇ ಇಲ್ಲ. ಸರಿಮಾಡಿಸ್ತೀನಿ ಎಂದಷ್ಟೇ ಹೇಳಿ ಎದ್ದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆ ಅಸಹ್ಯವಾಗಿತ್ತು.

ಮಾರನೆಯ ದಿನ ಸಾಹೇಬರ ಟೇಬಲ್ಲಿನ ಮುಂದೆ ನಿಂತಳು. "ಸಾರ್, ಹೊಂಗೆಹಳ್ಳಿ ಮೆಳೆ ಹತ್ತಿರ ದಾರಿ ಸ್ವಲ್ಪ ತಿರುಗಿಸಬೇಕಾಗುತ್ತೆ. ಮಹಿಳೆಯರದ್ದೊಂದು ಆಕ್ಷೇಪಣೆ ಇದೆ."

"ಏನು ಆಕ್ಷೇಪಣೆ?"

"ಅದು... ಅವರಿಗೆ ಬೇಕಾದ ಜಾಗ ಅಂತೆ."

ಸಾಹೇಬರು ಕನ್ನಡಕ ತೆಗೆದರು. "ನೋಡಿ, ಕೊನೆಯ ಸಭೆ ಬೇಲೂರಲ್ಲಿ ಇದೆಯಲ್ಲ, ಅಲ್ಲಿ ಹೇಳಲಿ. ಕಿವೀಲಿ ಹೇಳಿದ್ದಕ್ಕೆಲ್ಲ ದಾರಿ ತಿರುಗಿಸಿದ್ರೆ, ನಾಳೆ ಇನ್ಯಾರೋ ಬಂದು ತಮ್ಮ ತೋಟ ಉಳಿಸಿ ಅಂತ ಕಿವಿ ಕಚ್ಚುತ್ತಾರೆ. ಸಭೇಲಿ ಆಕ್ಷೇಪಣೆ ಬಂದ್ರೆ ಖಂಡಿತ ತಿರುಗಿಸ್ತೀನಿ. ಬರಲಿಲ್ಲ ಅಂದ್ರೆ ನಕ್ಷೆ ಅವತ್ತೇ ಪಾಸು."

ನ್ಯಾಯವಾದ ಮಾತೇ. ಆದರೆ ಆ ಮನುಷ್ಯನ ಎದುರು ಒಂದೇ ಒಂದು ಮಾತನ್ನು ನೆಟ್ಟಗೆ ಆಡಿದ್ದರೆ ಮುಗಿದುಹೋಗುತ್ತಿತ್ತು. ಎಂ.ಎ. ಓದಿದ ಬಾಯಿಗೂ ಅದು ಬರಲಿಲ್ಲ.

ಮಾರಮ್ಮನನ್ನು ಸಭೆಗೆ ಒಪ್ಪಿಸುವುದು ಸುಲಭವಾಗಲಿಲ್ಲ. ನೀವು ಹೆಂಗಸರು ಬಂದು ಕೂತರೆ ಸಾಕು, ಮಾತು ನಾನು ಆಡುತ್ತೇನೆ ಎಂದು ಲತಾಮಣಿ ಕೈ ಹಿಡಿದು ಹೇಳಿದಳು.

"ಬತ್ತೀನಿ. ಆದ್ರೆ ನನ್ ಹೆಸ್ರು ಮಾತ್ರ ತೆಗಿಬ್ಯಾಡ ಕಣವ್ವ. ತಮ್ಮಯ್ಯನೂ ಬತ್ತನಂತೆ."

ತಮ್ಮಯ್ಯ ಮಾರಮ್ಮನ ಅಳಿಯ. ಅಳಿಯ ಮನೆಗೆ ಬಂದರೆ ಅವಳು ಎದುರಿಗೆ ಕೂರುತ್ತಿರಲಿಲ್ಲ, ಬಾಗಿಲ ಸಂದಿಯಿಂದಲೇ ಊಟಕ್ಕೆ ಏಳಿ ಎನ್ನುತ್ತಿದ್ದಳು. ಅಂಥವಳು. "ತೆಗೆಯಲ್ಲ ದೊಡ್ಡವ್ವ, ಆಣೆ" ಎಂದಳು ಲತಾಮಣಿ.

ಸಭೆ ನಡೆದದ್ದು ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಸುತ್ತಲ ಊರುಗಳಿಂದೆಲ್ಲ ಜನ. ಬಿಕ್ಕೋಡಿನ ಕಡೆಯಿಂದ ಜೀಪಿನಲ್ಲಿ ಬಂದವರೂ ಇದ್ದರು. ಗಂಡಸರು ಕುರ್ಚಿಗಳಲ್ಲಿ, ಹೆಂಗಸರು ಹಿಂದಿನ ಜಮಖಾನೆಯ ಮೇಲೆ. ಸಾಹೇಬರು ಒಂದೊಂದೇ ಊರಿನ ಹೆಸರು ಓದಿ ಆಕ್ಷೇಪಣೆ ಕೇಳುತ್ತಾ ಬಂದರು. ಒಬ್ಬರು ನಾಗರಕಲ್ಲು ಬಿಟ್ಟು ಹೋಗಿ ಎಂದರು, ಒಪ್ಪಿದರು. ಇನ್ನೊಬ್ಬರು ದನ ನೀರಿಗಿಳಿಯುವ ಜಾಗ ಎಂದರು, ಅದಕ್ಕೂ ಒಪ್ಪಿದರು. ನೋಡಿ, ಕಲ್ಲಿಗೂ ದನಕ್ಕೂ ಬಾಯಿ ಸಿಕ್ಕಿತು.

ಹೊಂಗೆಹಳ್ಳಿಯ ಹೆಸರು ಬಂದಾಗ ಲತಾಮಣಿ ಎದ್ದು ನಿಂತಳು. ಮೈಕು ಕೈಗೆ ತೆಗೆದುಕೊಂಡಳು.

"ಸಾರ್, ಕೇದಗೆ ಮೆಳೆಯ ಜಾಗವನ್ನು ಊರಿನ ಮಹಿಳೆಯರು... ಶೌಚಕ್ಕೆ ಬಳಸ್ತಾರೆ. ಅವರಿಗೆ ಬೇರೆ ಜಾಗ ಇಲ್ಲ. ದಾರಿ ಆ ಕಡೆಗೆ ಬರಬಾರದು."

ಕುರ್ಚಿಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಏಕಾಂತಯ್ಯ ತೊಡೆಯ ಮೇಲಿನ ಟವಲನ್ನು ಮಡಿಸಿ ಬಿಚ್ಚಿ ಮಡಿಸಿದರು. ಹಿಂದೆ ಜಮಖಾನೆಯ ಮೇಲೆ ತಲೆಗಳೆಲ್ಲ ಬಗ್ಗಿದವು.

ಸಾಹೇಬರು ಹಾಳೆ ತಿರುವಿದರು. "ಇಲ್ಲಿ ಬಳಕೆಯಲ್ಲಿಲ್ಲ ಅಂತಿದೆ. ನೀವೇ ಬರ್ಕೊಂಡು ಬಂದಿದ್ದು ಲತಾಮಣಿ. ಈಗ ಬಳಸ್ತಾರೆ ಅಂತೀರಿ. ಯಾರು ಹೇಳಿದ್ದು ನಿಮಗೆ?"

ನಾನೇ ಸಾರ್, ನಾನೇ ಹೋಗ್ತಿದ್ದೆ. ಇಷ್ಟೇ. ಮಾತು ನಾಲಿಗೆಯ ತುದಿಗೂ ಬಂತು. ಮುಂದಿನ ಸಾಲಿನಲ್ಲಿ ಹೇಮಲತಾ ಪೂರ್ತಿ ತಿರುಗಿ ಇವಳನ್ನೇ ನೋಡುತ್ತಿದ್ದಳು. ಲತಾಮಣಿಗೆ ತನ್ನ ಇಸ್ತ್ರಿ ಮಾಡಿದ ಸೀರೆ, ಕೊರಳಿನ ಗುರುತಿನ ಚೀಟಿ ಎಲ್ಲ ಒಟ್ಟಿಗೇ ನೆನಪಾದವು.

"ನಮ್ಮ ದೊಡ್ಡಮ್ಮ ಹೇಳಿದ್ರು ಸಾರ್. ಮಾರಮ್ಮ ಅಂತ. ಇಲ್ಲೇ ಇದ್ದಾರೆ."

ಆಡಿದ ಮಾತು ಕಿವಿಗೆ ಬಿದ್ದಾಗಲೇ ತಾನೇನು ಮಾಡಿದೆ ಎಂಬುದು ಅವಳಿಗೆ ತಿಳಿದದ್ದು. ಅಷ್ಟರಲ್ಲಿ ಇಡೀ ಮಂಟಪ ಹಿಂದಕ್ಕೆ ತಿರುಗಿತ್ತು. ಸಾಹೇಬರು ಮೃದುವಾಗಿಯೇ ಕರೆದರು. "ಮಾರಮ್ಮ ಯಾರು? ಹೆದರ್ಬೇಡಿ ತಾಯಿ, ಹೌದೋ ಅಲ್ವೋ ಹೇಳಿ."

ಮಾರಮ್ಮ ಪಕ್ಕದವಳ ಭುಜ ಹಿಡಿದು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕುರ್ಚಿಗಳ ಕೊನೆಯ ಸಾಲಿನಲ್ಲಿ ತಮ್ಮಯ್ಯ ನೆಲ ನೋಡುತ್ತಾ ಕೂತಿದ್ದ, ಕಿವಿಯೆಲ್ಲ ಕೆಂಪಗಾಗಿತ್ತು.

"ಇಲ್ಲ ಸ್ವಾಮಿ," ಎಂದಳು ಮಾರಮ್ಮ. "ನಾನ್ ಯಾವ ಮೆಳೆಗೂ ಹೋಗಕಿಲ್ಲ. ನಮ್ ಹುಡ್ಗಿ ಏನೋ ತಪ್ಪ್ ತಿಳ್ಕಂಡೈತೆ."

"ಬೇರೆ ಯಾರಾದ್ರೂ?" ಎಂದರು ಸಾಹೇಬರು. ಮಹದೇವಮ್ಮ ಜಮಖಾನೆಯ ಎಳೆ ಕೀಳುತ್ತಿದ್ದಳು. ಯಾರೂ ಏಳಲಿಲ್ಲ.

ಸಾಹೇಬರು ಇನ್ನೊಂದು ಅವಕಾಶ ಕೊಟ್ಟರು. ಅದನ್ನು ಒಪ್ಪಲೇಬೇಕು. "ಲತಾಮಣಿ, ನಿಮಗೆ ಖುದ್ದಾಗಿ ಗೊತ್ತಾ?"

ದೊಡ್ಡವ್ವ ಇನ್ನೂ ನಿಂತೇ ಇದ್ದಳು. ಮಂಡಿ ನೋವಿನವಳು, ಕೂರುವುದಕ್ಕೂ ತೋಚದೆ ಲತಾಮಣಿಯ ಮುಖ ನೋಡುತ್ತಿದ್ದಳು.

"ಇಲ್ಲ ಸಾರ್," ಎಂದಳು ಲತಾಮಣಿ. "ಕೇಳಿದ್ದೆ ಅಷ್ಟೆ."

ಹೊಂಗೆಹಳ್ಳಿ, ಆಕ್ಷೇಪಣೆ ಇಲ್ಲ. ಸಾಹೇಬರು ಮುಂದಿನ ಊರಿನ ಹೆಸರು ಓದಿದರು.

ಸಭೆ ಮುಗಿದು ಹೊರಗೆ ಬರುವಾಗ ಏಕಾಂತಯ್ಯ ಅವಳ ಪಕ್ಕದಲ್ಲಿ ಒಂದು ಗಳಿಗೆ ನಿಂತರು. "ಹಿಂಗೆ ನಾಕ್ ಜನದ್ ಮಧ್ಯೆ ಹೇಳೋ ಮಾತಲ್ಲಮ್ಮ ಅದು. ನಾನಾದ್ರೂ ಹೆಂಗ್ ಹೌದು ಅನ್ಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಂಗಾಲಾಗಿದ್ದರು ಪಾಪ, ವಯಸ್ಸಾದ ಮನುಷ್ಯ.

ಹೊಂಗೆಹಳ್ಳಿಯವರನ್ನು ಕರೆತಂದ ಟೆಂಪೋದಲ್ಲಿ ತಮ್ಮಯ್ಯ ಇದ್ದಾನೆಂದು ಮಾರಮ್ಮ ಅದನ್ನು ಹತ್ತಲಿಲ್ಲ. ಬಸ್ಸಿಗೆ ಹೋಗುತ್ತೇನೆಂದು ನಡೆದಳು. ಲತಾಮಣಿ ಹಿಂದೆಯೇ ಓಡಿ ಬಂದು ಬಸ್ ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಅವಳ ಪಕ್ಕ ಕೂತಳು.

"ತಪ್ಪಾಯ್ತು ದೊಡ್ಡವ್ವ."

"ಬುಡು, ಆಗೋದಾಯ್ತು. ನಾನೂ ಅಷ್ಟ್ ಜನದ್ ಮುಂದೆ ಸುಳ್ಳಾಡ್ದೆನಲ್ಲ."

"ನಿಮ್ಮ ಹೆಸರು ಹೇಳಲ್ಲ ಅಂತ ಆಣೆ ಮಾಡಿದ್ದೆ."

ಮಾರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಸಮ್ಯಕ್ ಹೆಂಗವ್ನೆ, ಕೆಮ್ಮು ವಾಸಿಯಾಯ್ತಾ ಎಂದು ವಿಚಾರಿಸಿದಳು. ವಾಸಿಯಾಯ್ತು ಎಂದು ಲತಾಮಣಿ ಹೇಳಿದಳು. ಎದ್ದು ಹೋಗಿ ಎರಡು ಲೋಟ ಟೀ, ಕಾಗದದಲ್ಲಿ ಒಂದಿಷ್ಟು ವಡೆ ತಂದಳು. ಬೆಳಗಿನಿಂದ ಮಾರಮ್ಮನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಟೀ ಅಂದರೆ ಅವಳಿಗೆ ಪ್ರಾಣ.

ಮಾರಮ್ಮ ವಡೆ ತಿಂದಳು. ಟೀ ಲೋಟವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು, ಒಂದು ಗುಟುಕಷ್ಟೇ ಕುಡಿದು ವಾಪಸು ಚಾಚಿದಳು.

"ನೀನ್ ಕುಡ್ಕ."

"ಯಾಕೆ, ಸಕ್ಕರೆ ಕಮ್ಮಿನಾ?"

"ಸಕ್ಕರೆ ಐತೆ ಕಣವ್ವ. ಇನ್ಮ್ಯಾಲೆ ನೀರು ಗೀರು ಕಮ್ಮಿ ಮಾಡ್ಕಬೇಕಲ್ಲ, ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಅಂತ."

ಅದರಲ್ಲಿ ಕುಟುಕು ಇರಲಿಲ್ಲ. ನಾಳೆಯಿಂದ ಸಾರಿಗೆ ಉಪ್ಪು ಕಮ್ಮಿ ಹಾಕಬೇಕು ಎನ್ನುವ ಹಾಗೆ ಹೇಳಿದ್ದಳು. ಲತಾಮಣಿ ಎರಡೂ ಲೋಟ ಹಿಡಿದುಕೊಂಡು ನಿಂತಿದ್ದಳು. ಬಸ್ಸು ಬಂತು. ಮಾರಮ್ಮ ಕಂಬಿ ಹಿಡಿದು ನಿಧಾನಕ್ಕೆ ಹತ್ತಿದಳು.