ಮಾಶಾಕನ ಎಡಗೈ

“ತಂತಿ ನಡುಗಿದಂಗ ಒಂದು ದನಿ ಬರ್ತದಲ್ಲ, ಅದನ್ನ ಹೆಂಗ ತಗೀತೀರಿ?” ಎಂದು ಶ್ರೀಪಾದ ಕೇಳಿದ ಕೂಡಲೇ ಮಾಶಾಕ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಬಿಟ್ಟ.

ಶ್ರೀಪಾದ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಧಾರವಾಡದಿಂದ ಬೆಳಗಿನ ಬಸ್ಸಿಗೆ ಬೆಟಗೇರಿಗೆ ಬಂದಿದ್ದ. ಮಾಶಾಕನ ಗಿಟಾರಿನ ಕ್ಯಾಸೆಟ್ಟನ್ನು ಬೆಂಗಳೂರಿನ ಪತ್ರಿಕೆಯಲ್ಲಿ ಹೊಗಳಿ ಬರೆದವನು ಇವನೇ. ನೇಕಾರರು ಬಿಟ್ಟುಹೋದ ಮಗ್ಗದ ಮನೆಯಲ್ಲಿ, ಎರವಲು ತಂದ ಟೇಪ್‌ರೆಕಾರ್ಡರಿನ ಮುಂದೆ ಮಾಶಾಕ ಒಬ್ಬನೇ ಕೂತು ಮಾಡಿದ ಕ್ಯಾಸೆಟ್ಟು ಅದು. ಓಣಿಯಲ್ಲಿ ಕೇಳಿದವರೆಲ್ಲ “ಟೇಪು ಸಿಕ್ಕೊಂಡೈತಿ ತಗೋ” ಎಂದು ತಿರುಗಿ ಕೊಟ್ಟಿದ್ದರು. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳು ಎಳೆದು ನುಡಿಸುವ ಗಿಟಾರಿನಿಂದ ಇಂಥ ದನಿಯನ್ನು ಯಾರೂ ತೆಗೆದಿಲ್ಲವೆಂದು ಶ್ರೀಪಾದ ಬರೆದ. ಹಿಂದೆಯೇ ಮುಂಬಯಿಯ ಪತ್ರಿಕೆಯೂ ಬರೆಯಿತು.

“ಹೇಳಲೇ ಮಾಶ್ಯಾ, ದೊಡ್ಡ ಮಂದಿ ಕೇಳಾಕತ್ತಾರ,” ಎಂದ ಅಪ್ಪ ರಹಮಾನಸಾಬ. ಬ್ಯಾಂಡ್ ಕಂಪನಿಯ ಮಾಸ್ತರ. ಇವತ್ತು ಒಗೆದ ಅಂಗಿ, ಕಣ್ಣಿಗೆ ಸುರ್ಮಾ. ಮೊನ್ನೆಯವರೆಗೆ ಇದೇ ಗಿಟಾರಿಗೆ ‘ಕುಂಟನ ಬಡಿಗಿ’ ಎನ್ನುತ್ತಿದ್ದ ಬಾಯಿ ಅದು.

ಮೂಲೆಯಲ್ಲಿ ಕೂತಿದ್ದ ಢೋಲಿನ ಬುಡ್ಡೇಸಾಬ ನೆಲ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು.

ಅದು ವರ್ಷಗಳ ಹಿಂದಿನ ಮಾತು, ಮಾಶಾಕನಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು. ಲಕ್ಷ್ಮೇಶ್ವರದ ಬಜಾರದಲ್ಲಿ ಮದುವೆಯ ಮೆರವಣಿಗೆಗೆ ಎದುರಾಗಿ ಒಂದು ಹೆಣ ಬಂತು. ಹೆಣ ಎದುರಾದರೆ ಬ್ಯಾಂಡು ನಿಲ್ಲಬೇಕು, ನಿಂತಿತು. ಕ್ಲಾರಿಯೋನೆಟ್ ಊದುತ್ತಿದ್ದ ಮಾಶಾಕ ಮಾತ್ರ ನಿಲ್ಲಿಸಲಿಲ್ಲ. ಹೆಣದ ಮುಂದಿನ ಭಜನೆಯ ಧಾಟಿ ಕಿವಿಗೆ ಬಿದ್ದದ್ದೇ ತಡ, ಅದನ್ನು ಮದುವೆಯ ಹಾಡಿನೊಳಗೇ ಬೆರೆಸಿ ಊದಿಬಿಟ್ಟ. ಬೀಗರು ಅಪಶಕುನವೆಂದು ಮೈಮೇಲೆ ಬಂದರು. ರಹಮಾನಸಾಬ ಬುಡ್ಡೇಸಾಬನ ಕೈಯಿಂದ ಢೋಲಿನ ಕೋಲು ಕಸಿದುಕೊಂಡು, ಮಗನ ಎಡಗೈಯನ್ನು ಅಂಗಡಿಯ ಕಟ್ಟೆಗೆ ಒತ್ತಿ ಹಿಡಿದು, ಬೀಗರು ಸಾಕೆನ್ನುವವರೆಗೆ ಬಡಿದ. ಬೀಗರು ಜಲ್ದಿ ಸಾಕೆನ್ನಲಿಲ್ಲ.

ಎರಡು ಬೆರಳು ಸೊಟ್ಟಾಗಿ ಸೆಟೆದು ನಿಂತವು. ಟಾಂಗಾದಿಂದ ಬಿದ್ದನೆಂದು ಮನೆಯವರೆಲ್ಲ ಊರಿಗೆ ಹೇಳಿದರು. ತಾಯಿ ಮಾಸುಮಬಿಯೂ ಹೇಳಿದಳು. ಕ್ಲಾರಿಯೋನೆಟ್ಟಿನ ತೂತು ಮುಚ್ಚಲಾಗದ ಕೈ ಸರಳು ಹಿಡಿಯಿತು. ಸರಳಿನ ಹಿಂದೆ ಆ ಸತ್ತ ಬೆರಳುಗಳು ತಂತಿಯನ್ನು ತಿಕ್ಕುತ್ತ ಬರುತ್ತಿದ್ದವು. ಮಾಶಾಕನಿಗೆ ಹೊಗಳಿಕೆ ಬೇಕಿರಲಿಲ್ಲ. ಒಬ್ಬ ಹೊರಗಿನವನ ಎದುರಿಗಾದರೂ ಅಪ್ಪ ಒಮ್ಮೆ ‘ನಾನು ಹೊಡೆದೆ’ ಅನ್ನಬೇಕಿತ್ತು, ಅಷ್ಟೇ.

ಅವನು ಕೈ ಹೊರಗೆ ತೆಗೆದು ಶ್ರೀಪಾದನ ಮುಂದೆ ಚಾಚಿದ.

“ಈ ಬೆರಳು ತಂತಿಗೆ ಹತ್ತತಾವ್ರಿ. ಅದರ ದನಿ ಅದು.”

“ಅಯ್ಯ, ಇದಕ್ಕೇನಾತ್ರಿ?”

“ಅಬ್ಬಾನ್ನ ಕೇಳ್ರಿ.”

“ಟಾಂಗಾದಾಗಿಂದ ಬಿದ್ದು...” ಎಂದು ಬುಡ್ಡೇಸಾಬ ಗಡಿಬಿಡಿಯಿಂದ ಶುರುಮಾಡಿದ.

“ಎಲ್ಲೀ ಟಾಂಗಾನಲೇ!” ರಹಮಾನಸಾಬ ಅವನನ್ನು ತಡೆದ. “ಖರೆ ಹೇಳತೇನ್ರಿ ಸಾಹೇಬ್ರ, ನಾನ ಢೋಲಿನ ಕೋಲಿಲೆ ಬಡದೇನಿ. ಮುರಿಯೂಮಟಾ ಬಡದೇನಿ.”

ಮಾಶಾಕ ತಲೆಯೆತ್ತಿ ಅಪ್ಪನ ಮುಖ ನೋಡಿದ.

“ಬಡೀಲಿಲ್ಲಂದ್ರ ಇವತ್ತಿಗೂ ಲಗ್ನದಾಗ ಪೀಪಿ ಊದಕೋಂತ ತಿರಗತಿದ್ದ ಮಗ. ಈ ದನಿ ಎಲ್ಲಿಂದ ಬರತಿತ್ರಿ? ಈ ಕೈ ಮಾಡಿದಾಂವ ನಾ!”

ಶ್ರೀಪಾದನ ಕಣ್ಣು ಹೊಳೆದವು. “ಭಾಳ ಕಠೋರ ಗುರು ಅನ್ರಿ! ಆ ಕೋಲು ಇನ್ನೂ ಅದ ಏನ್ರಿ? ಒಂದು ಫೋಟೋ ತಗೊಳ್ಳೋಣು.”

ಗೋಡೆಗೆ ತೂಗಿದ್ದ ಢೋಲಿನ ಪಟ್ಟಿಯಿಂದ ರಹಮಾನಸಾಬ ಕೋಲು ಸೆಳೆದುಕೊಂಡ. “ಬ್ಯಾಡೋ ರಹಮಾನ,” ಎಂದ ಬುಡ್ಡೇಸಾಬನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಿಟಾರನ್ನು ಮಾಶಾಕನ ತೊಡೆಯ ಮೇಲಿಟ್ಟು, ಸರಳು ಹಿಡಿಸಿ, ಎಡಗೈಯನ್ನು ತಂತಿಯ ಮೇಲೆ ಇಡಿಸಿದರು. ಅಪ್ಪ ಬದಿಗೆ ನಿಂತು ಕೋಲೆತ್ತಿದ.

“ಇನ್ನೊಂಚೂರು ಮ್ಯಾಲೆ. ಹಾಂ, ಹಂಗ. ಅಲಗಾಡಬ್ಯಾಡ್ರಿ,” ಎಂದ ಶ್ರೀಪಾದ, ಕ್ಯಾಮೆರಾ ಕಣ್ಣಿಗೆ ಹಿಡಿದು.

“ನಗಲೇ ಮಾಶ್ಯಾ, ಪೇಪರಿನಾಗ ಬರತೈತಿ!”

ಮಾಶಾಕನ ಕೈ ನಡುಗತೊಡಗಿತು. ಯಾರೂ ಮೀಟದೆ ತಂತಿ ಝುಂಯ್ ಎಂದಿತು.

ಶ್ರೀಪಾದ ಕ್ಯಾಮೆರಾ ಇಳಿಸಿ ಕಣ್ಣು ಮುಚ್ಚಿದ. “ಆಹಾ, ಇದ ನೋಡ್ರಿ, ಇದ! ನಿಲ್ಲಸಬ್ಯಾಡ್ರಿ.”

ಒಳಬಾಗಿಲಲ್ಲಿ ಮಾಸುಮಬಿ ಚಹ ಹಿಡಿದು ನಿಂತಿದ್ದಳು. ಅವಳ ಕೈಯಲ್ಲಿ ಕಪ್ಪುಗಳು ಬಸಿಗಳಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.