ಸಾನ್ವಿ ಹೇಳಿಬಿಟ್ಟ ಬೆಲೆ

ಕಸರಾನಿ ಬಡಾವಣೆಯ ಆ ಎಂಟು ಕೋಣೆಗಳ ಬಾಡಿಗೆ ಕಟ್ಟಡ, ಅದನ್ನು ನಮಗೆ ತೋರಿಸುತ್ತಿದ್ದ ಪೀಟರನದಲ್ಲ. ಮಾಲೀಕರಿಗೆ ಮುಂಗಡ ಕೊಟ್ಟು ಒಂದು ತಿಂಗಳೊಳಗೆ ಕೊಳ್ಳುವ ಕರಾರು ಮಾಡಿಕೊಳ್ಳುವುದು, ಆ ಕರಾರನ್ನು ತನ್ನ ಲಾಭ ಸೇರಿಸಿ ನಮ್ಮಂಥವರಿಗೆ ದಾಟಿಸುವುದು ಅವನ ಕಸುಬು. ಕಾಗದದ ಮೇಲಿನ ತಾರೀಖು ನೋಡಿದೆ. ಮುಗಿಯಲು ಮೂರೇ ದಿನ; ಅಷ್ಟರಲ್ಲಿ ದಾಟಿಸದಿದ್ದರೆ ಅವನ ಮುಂಗಡ ಹೋದಂತೆಯೇ.

ನಮಗೂ ಆತುರವಿತ್ತು. ನಮ್ಮವರು ಔಷಧಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಇಂಥ ಎರಡು ಕಟ್ಟಡಗಳು ಚೌಕಾಸಿಯಲ್ಲೇ ಕೈತಪ್ಪಿದ್ದವು. ಇದೂ ಹೋದರೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಾವಿರುವ ಫ್ಲ್ಯಾಟಿನ ಬಾಡಿಗೆ ಕಟ್ಟಲು ಉಳಿತಾಯವನ್ನೇ ಕರಗಿಸಬೇಕು.

"ಮೂವತ್ತಾರು ಲಕ್ಷ ಶಿಲಿಂಗ್," ಅಂದ ಪೀಟರ್.

"ಮೂವತ್ತು," ಅಂದೆ.

"ಮೇಡಂ, ಆ ಬೆಲೆಗೆ ಗೋಡೆ ಇಲ್ಲದ್ದು ತೋರಿಸಲಾ?"

ಕಾದೆ. ಅವನು ಮೂವತ್ತೈದಕ್ಕೆ ಇಳಿದು ನಿಂತುಬಿಟ್ಟ. ನಾನು ನಮ್ಮವರ ಕಡೆ ತಿರುಗಿ, ಪೀಟರನಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಹೇಳಿದೆ: "ರೀ, ಮೂವತ್ತೆರಡರ ಮೇಲೆ ನಮ್ಮ ಹತ್ರ ಒಂದು ಕಾಸೂ ಇಲ್ಲ. ನಾನು ಮೂವತ್ತೊಂದು ಅಂತೀನಿ. ನೀವು ಸ್ವಲ್ಪ ಮುಖ ಸಪ್ಪಗೆ ಮಾಡ್ಕೊಳ್ಳಿ."

ಶಾಲೆಗೆ ರಜೆಯೆಂದು ಮೊಮ್ಮಗಳು ಸಾನ್ವಿಯೂ ಬಂದಿದ್ದಳು. ಎಂಟು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದು ನನಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

"ಬಟ್ ಅಜ್ಜಿ, ವಿ ಹ್ಯಾವ್ ತ್ರೀ ಪಾಯಿಂಟ್ ಟು ಮಿಲಿಯನ್! ತಾತ, ಮೇಕ್ ಎ ಸ್ಯಾಡ್ ಫೇಸ್!"

ನಮ್ಮವರ ಮುಖ ನಿಜವಾಗಿಯೇ ಸಪ್ಪಗಾಯಿತು. ಪೀಟರ್ ಗೋಡೆಗೆ ಕೈಯೂರಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಚಿಕ್ಕ ಮೇಡಂ, ಮೂವತ್ಮೂರು ಮಾಡೋಣವೇ?" ಎಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ವಿ ಡೋಂಟ್ ಹ್ಯಾವ್ ಇಟ್."

"ಹಾಗಾದ್ರೆ ಮೂವತ್ತೆರಡರ ಮೇಲೆ ಬರೀ ಐವತ್ತು ಸಾವಿರ ಜಾಸ್ತಿ?"

"ಐ ಡಿಡ್ ದ ಸಮ್ ಮೈಸೆಲ್ಫ್. ಟ್ವೈಸ್."

ಪೀಟರ್ ಎದ್ದು ನನ್ನ ಕಡೆ ನೋಡಿದ. "ಮೇಡಂ, 'ಇದೇ ನಮ್ಮ ಕೊನೆಯ ಬೆಲೆ' ಅಂತ ದಿನಕ್ಕೆ ಹತ್ತು ಜನ ಹೇಳ್ತಾರೆ. ನಂಬಿದ್ದು ಇವತ್ತೇ."

"ನೀನು ನಂಬಲಿ ಅಂತ ನಾನಾಗಿದ್ರೆ ಸಾಯಂಕಾಲದವರೆಗೂ ಕೂತಿರ್ತಿದ್ದೆ ಕಣಪ್ಪಾ," ಅಂದೆ.

"ಗೊತ್ತಾಯ್ತು. ಅದಕ್ಕೇ ಒಪ್ಪಿದೆ. ಮೂವತ್ತೆರಡು."

ನಮ್ಮವರು ನನ್ನ ಕೈಯನ್ನು ಒಮ್ಮೆ ಒತ್ತಿದರು. ಪೀಟರ್ ಕರಾರಿನ ಕಾಗದ ಮಡಚುತ್ತ, "ಹೆಸರು ಬದಲಾಯಿಸಲು ವಕೀಲರ ಫೀಸು ಮಾತ್ರ ನಿಮ್ಮ..." ಎಂದು ಶುರುಮಾಡಿದ.

ಸಾನ್ವಿ ಬಾಯಿ ತೆರೆದಳು.

"ಸವಾ, ಸವಾ, ಆಯ್ತಮ್ಮಾ ಆಯ್ತು," ಎಂದು ಪೀಟರ್ ಎರಡೂ ಕೈ ಎತ್ತಿದ. "ಅದನ್ನೂ ನಾನೇ ಕೊಡ್ತೀನಿ."