ಉಚ್ಚಂಗೆಪ್ಪನ ಗಾಳಿ

ಜಗಳೂರಿನ ಮೂಡಲ ಅಂಚಿನಲ್ಲಿ ಒಂದು ಕಾಲಕ್ಕೆ ಸಾಲಾಗಿ ಕಣಗಳಿದ್ದವು. ಎಂಬತ್ಮೂರರ ಹೊತ್ತಿಗೆ ಉಚ್ಚಂಗೆಪ್ಪನದೊಂದೇ ಉಳಿದಿತ್ತು. ಮಿಕ್ಕವು ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಮನೆಗಳಿಗೆ ಮೇಷ್ಟ್ರು, ಗುಮಾಸ್ತರು, ಕಂಡಕ್ಟರು ಬಾಡಿಗೆಗೆ ಬಂದು, ಬಡಾವಣೆಗೆ ದೇವರ ಹೆಸರೂ ಬಿದ್ದಿತ್ತು. ಚರಂಡಿ ಮಾತ್ರ ಇನ್ನೂ ಬಂದಿರಲಿಲ್ಲ.

ಸೈಟಿನ ದಲ್ಲಾಳಿ ಗಿಡ್ಡಪ್ಪ ಆಗಾಗ ಬಂದು ಕೇಳುತ್ತಿದ್ದ. "ರಾಶಿ ಏಳೋ ಜಾಗ ಮಾರಾಕೆ ಬರಂಗಿಲ್ಲ" ಎಂದು ಉಚ್ಚಂಗೆಪ್ಪ ನಿಂತಲ್ಲೇ ಕಳಿಸುತ್ತಿದ್ದ.

ಆ ಸುಗ್ಗಿಯಲ್ಲಿ ಎತ್ತು ಕಟ್ಟಿ ರಾಗಿಯ ತೆನೆ ಮೇಲೆ ಕಲ್ಲುಗುಂಡು ಹೊಡೆದಾಯಿತು. ತೂರಲು ಮೊರ ಹಿಡಿದು ಮೂರುಕಾಲಿನ ಮಣೆ ಹತ್ತಿದರೆ ಗಾಳಿಯೇ ಇಲ್ಲ. ಮೂಡಗಾಳಿ ತಪ್ಪಿರಲಿಲ್ಲ, ಕಣದ ಪಕ್ಕದಲ್ಲಿ ಹೊಸದಾಗಿ ಎದ್ದ ಮಹಡಿ ಮನೆಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಹಿಂದೆಲ್ಲ ತೂರುವವರು ಗಾಳಿ ಬರಲಿ, ರಾಶಿ ಹುಲುಸಾಗಲಿ ಎಂದು "ಹೊಲಿಗ್ಯೋ" ಕೂಗಿದರೆ ಪಕ್ಕದ ಕಣದಿಂದ ಓಗೊಡುತ್ತಿದ್ದರು. ಇವನೂ ರೂಢಿಯಂತೆ ಕೂಗಿದ. ಮಹಡಿಯ ಕಿಟಕಿ ತೆರೆಯಿತು. ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮ.

"ಯಾಕ್ರೀ ಕರದ್ರಿ?"

"ನಿಮ್ಮನ್ನಲ್ಲ ತಾಯಿ, ಗಾಳೀನ."

"ನಮ್ಮನ್ಯಾಗೆ ಬೇಕಾದಷ್ಟು ಐತ್ರೀ. ಗ್ವಾಡೆ ಮ್ಯಾಲೆ ಕ್ಯಾಲೆಂಡರ್ ನಿಲ್ಲಂಗಿಲ್ಲ."

"ಅದು ನಂದೇ ಗಾಳಿ."

ಆಕೆ ನಕ್ಕಳು. "ಹಂಗಾರೆ ಮ್ಯಾಲೆ ಬಂದು ತೂರ್ಕಳ್ರಿ. ಮೋಡ ಬ್ಯಾರೆ ಆಗೈತೆ."

ಅಳೆಯುವ ಮುನ್ನ ರಾಶಿ ಕಣ ಬಿಟ್ಟು ಕದಲಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಉಚ್ಚಂಗೆಪ್ಪ ರಾಶಿ ನೋಡಿದ, ಮೋಡ ನೋಡಿದ. ನೆನೆದರೆ ವರ್ಷದ ಹಿಟ್ಟು ಮೊಳಕೆಯೊಡೆಯುತ್ತದೆ. ಪುಟ್ಟಿಗೆ ತುಂಬಿ, ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿದ.

ಮೇಲೆ ಗಾಳಿ ಧಾರಾಳವಾಗಿತ್ತು. ಕಾಳು ಕಾಲ ಬಳಿ ಬಿತ್ತು. ಹೊಟ್ಟು ಇಡೀ ಬಡಾವಣೆಯ ಮೇಲೆ, ಒಣಹಾಕಿದ ಸೀರೆ, ಹಪ್ಪಳ, ಕಂಡಕ್ಟರನ ಖಾಕಿ ಅಂಗಿ ಯಾವುದನ್ನೂ ಬಿಡದೆ ಇಳಿಯಿತು. ಬಂದಾಗಿನಿಂದ ಒಮ್ಮೆಯೂ ಮಾತಾಡಿಸದ ನೆರೆಯವರೆಲ್ಲ ಅವತ್ತು ಹೊರಗೆ ಬಂದು ಒಟ್ಟಿಗೇ ಮಾತಾಡಿಸಿದರು.

ಮೋಡ ಮಳೆಯಾಗದೆ ಚದುರಿತು. ಚೀಲ ಹೊತ್ತು ಕೆಳಗಿಳಿದರೆ, ಸಗಣಿ ಸಾರಿಸಿದ ಕಣದ ನಟ್ಟನಡುವೆ ಸ್ಕೂಟರು ನಿಂತಿತ್ತು. ಗುಮಾಸ್ತ ಬಸವರಾಜಪ್ಪನದು.

"ಖಾಲಿ ಇತ್ತಲ್ರೀ ಯಜಮಾನ್ರೇ" ಎಂದ ಆತ, ನಿಜವಾಗಿಯೂ ಸಂಕೋಚದಿಂದ. "ತೆಗಿಯಾ?"

ರಾಶಿ ಎದ್ದುಹೋದ ಕಣವನ್ನು ಖಾಲಿ ಎನ್ನದೆ ಇನ್ನೇನೆಂದಾರು? ಕದಲಿಸಿದವನು ತಾನೇ. "ಇರ್ಲಿ ಬಿಡ್ರಿ" ಎಂದು ಉಚ್ಚಂಗೆಪ್ಪ ಚೀಲವನ್ನು ನೇರ ಮನೆಗೆ ಹೊತ್ತ. ಮರುವಾರ ಗಿಡ್ಡಪ್ಪ ಬಂದಾಗ ಕೂರಲು ಚಾಪೆ ಹಾಕಿದ.

ಮುಂದಿನ ಸುಗ್ಗಿಗೆ ಅವನ ರಾಗಿ ದಾವಣಗೆರೆ ಟಾರು ರಸ್ತೆಯ ಮೇಲೆ ಹರಡಿತ್ತು. ಬಸ್ಸು, ಲಾರಿಗಳೇ ತುಳಿದುಕೊಡುತ್ತಿದ್ದವು. ಎತ್ತೂ ಬೇಡ, ಆಳೂ ಬೇಡ. ಅವನು ಮೈಲಿಗಲ್ಲಿಗೆ ಒರಗಿ ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಲಾರಿ ಡ್ರೈವರು ತಲೆ ಹೊರಗೆ ಹಾಕಿ, "ಏ ಅಜ್ಜಾ, ಕಾಲು ಒಳಗೆ ಎಳ್ಕಳೋ!" ಎಂದು ಕೂಗಿಹೋದ.

ಅವತ್ತು ಅವನನ್ನು ಮಾತಾಡಿಸಿದವನು ಆ ಡ್ರೈವರೊಬ್ಬನೇ. ಉಚ್ಚಂಗೆಪ್ಪ ಕಾಲು ಎಳೆದುಕೊಂಡು, ಲಾರಿ ಮರೆಯಾದ ಮೇಲೆ, "ಆತು ಬಿಡಪ್ಪ" ಎಂದ.